ಹನ್ನೊಂದರ ಕೆಮ್ಮು

“ಅಯ್ಯೋ, ಕುದೀತಿರೋ ಸೂಪಿಗೆ ಹಾಕ್ಬೇಡ!” ಎನ್ನುತ್ತ ಲಿಫ್ಟಣ್ಣ ನಾದಿನಿಯ ಕೈ ಹಿಡಿದುಕೊಂಡ. ಅವಳ ಮುಷ್ಟಿಯಲ್ಲಿದ್ದದ್ದು ಸೂಪಿನ ಘಮಕ್ಕೆಂದು ಹಿತ್ತಲಲ್ಲಿ ಬೆಳೆದ ಚರ್ವಿಲ್ ಸೊಪ್ಪು, ಬೇರುಸಹಿತ.

“ಕೊತ್ತಂಬರಿ ಅಂದ್ಕೊಂಡೆ ಭಾವ.”

“ಒಲೆ ಆರಿಸಿ, ಆಮೇಲೆ ಹಾಕು. ಕುದಿಸಿದ್ರೆ ಹುಲ್ಲು ತಿಂದ ಹಾಗಿರತ್ತೆ ಅಂತಿದ್ಲು ನಿಮ್ಮಕ್ಕ.”

ಬೆಳಿಗ್ಗೆಯಷ್ಟೇ ಆ ಅಕ್ಕನನ್ನು ಮಣ್ಣು ಮಾಡಿ ಬಂದಿದ್ದರು. ಮೂವತ್ತು ವರ್ಷ ಆಸ್ಪತ್ರೆಯ ಅಡುಗೆಮನೆಯಲ್ಲಿ ಸೂಪು ಕಾಯಿಸಿದ ಹೆಂಗಸು. ಅದೇ ಆಸ್ಪತ್ರೆಯಲ್ಲಿ ಲಿಫ್ಟು ನಡೆಸುತ್ತಿದ್ದ ಗಂಡ, ಎಲ್ಲರಿಗೂ ಲಿಫ್ಟಣ್ಣ. ಅವಳ ಜತೆ ದುಡಿದವರೆಲ್ಲ ಈಗ ಇವರ ಅಡುಗೆಮನೆಯಲ್ಲೇ ಒತ್ತಿಕೊಂಡು ನಿಂತಿದ್ದರು. ಹಜಾರದಲ್ಲಿ ಕೂತ್ಕೊಳ್ಳಿ ಎಂದರೆ ಕೇಳುವ ಜನವಲ್ಲ.

“ಏನೇ ಹೇಳಿ, ಆ ಮೂಗು ಇನ್ಯಾರಿಗೂ ಬರಲ್ಲ,” ಎಂದಳು ಪಾತ್ರೆ ತೊಳೆಯುವವಳು. “ಒಂದಿನ ಒಂದು ಹಿಡಿ ಸೊಪ್ಪು, ಇನ್ನೊಂದಿನ ಮೂರು ಹಿಡಿ. ರುಚಿ ಮಾತ್ರ ಒಂದೇ!”

ಲಿಫ್ಟಣ್ಣ ತಲೆ ತಗ್ಗಿಸಿದ. ಇವತ್ತೊಂದು ದಿನ ತಾನು ಬಾಯಿ ಬಿಡದಿದ್ದರೆ ಅವಳ ಮರ್ಯಾದೆ ಉಳಿಯುತ್ತದೆ.

* * *

ಹತ್ತು ವರ್ಷದ ಹಿಂದೆ ಬಂದ ಜ್ವರ ಹೋಗುವಾಗ ಅವಳಿಗೆ ವಾಸನೆಯೇ ತಿಳಿಯದಂತೆ ಮಾಡಿ ಹೋಗಿತ್ತು.

“ಗೊತ್ತಾದ್ರೆ ಒಲೆ ಹತ್ರ ಸೇರಿಸಲ್ಲ ನನ್ನ,” ಎಂದು ಅವಳು ಬಿಕ್ಕಿದಳು.

ಆದರೂ ಮೂರು ವಾರಕ್ಕೊಮ್ಮೆ ಹಿತ್ತಲ ಗೋಡೆಯ ನೆರಳಲ್ಲಿ ಆಸ್ಪತ್ರೆಯ ಸೂಪಿಗೆಂದು ಚರ್ವಿಲ್ ಬೀಜ ಚೆಲ್ಲುವುದನ್ನು ಬಿಡಲಿಲ್ಲ. ಮೇಲೆ ಮಣ್ಣು ಮುಚ್ಚದೆ ಅಂಗೈಯಿಂದ ಒತ್ತಿ ಬಿಡುವಳು. ಎಳೆ ಸೊಪ್ಪಿಗೆ ಸೋಂಪಿನ ಘಮ. ಬಿಸಿಲು ತಾಕಿ ಹೂ ಬಿಟ್ಟರೆ ಬರೀ ಸಪ್ಪೆ. ಯಾವ ದಿನ ಎಷ್ಟು ಹಾಕಬೇಕೆಂದು ಹೇಳಲು ಮೂಗೇ ಬೇಕು.

ಅಂದಿನಿಂದ ದಿನವೂ ಹನ್ನೊಂದಕ್ಕೆ ಲಿಫ್ಟಣ್ಣ ನೀರು ಕುಡಿಯುವ ನೆಪದಲ್ಲಿ ಸೂಪಿನ ಪಾತ್ರೆಯ ಬಳಿ ಬಂದು ವಾಸನೆ ನೋಡುತ್ತಿದ್ದ. ಒಂದು ಸಲ ಕೆಮ್ಮಿದರೆ ‘ಸಾಕು’ ಎಂದು, ಎರಡು ಸಲ ಕೆಮ್ಮಿದರೆ ‘ಇನ್ನೊಂದು ಹಿಡಿ’ ಎಂದು ಅರ್ಥ. ಹೆಂಡತಿಯ ಸೆರಗು ಬಿಡದವನೆಂದು ಎಲ್ಲರೂ ಗೋಳುಹೊಯ್ದುಕೊಂಡರು. ಒಮ್ಮೆ ನಿಜವಾಗಿ ನೆಗಡಿಯಾಗಿ ಕೆಮ್ಮಿದ್ದೇ ಕೆಮ್ಮಿದ್ದು; ಅವತ್ತು ರೋಗಿಗಳ ಬಟ್ಟಲಲ್ಲಿ ಚಮಚ ನೆಟ್ಟಗೆ ನಿಲ್ಲುವಷ್ಟು ಸೊಪ್ಪು.

* * *

ನಾದಿನಿ ಒಲೆ ಆರಿಸಿ ಒಂದು ಹಿಡಿ ಹೆಚ್ಚಿ ಹಾಕಿದಳು. “ಸಾಕಾ ಭಾವ?”

“ನಂಗೇನು ಗೊತ್ತು? ಅದೆಲ್ಲ ಅವಳ ಮೂಗಿನ ಕೆಲಸ.”

ಆಸ್ಪತ್ರೆಯ ಮುಖ್ಯ ಅಡುಗೆಯವರು ಮುಂದೆ ಬಂದರು. “ಲಿಫ್ಟಣ್ಣ, ಹತ್ತು ವರ್ಷದಲ್ಲಿ ಒಂದಿನಾದ್ರೂ ಹನ್ನೊಂದು ಗಂಟೆಗೆ ಯಾರಾದ್ರೂ ಬೆಲ್ ಒತ್ತಿ ನಿಮ್ಮನ್ನ ಕರೆದಿದ್ದುಂಟಾ?”

ಅವನು ಯೋಚಿಸಿದ. ಇಲ್ಲ.

“ಹಾಲು ಸೀದು ಅಡುಗೆಮನೆಯೆಲ್ಲ ನಾರ್ತಿದ್ರೂ ಅವಳು ಪಕ್ಕದಲ್ಲೇ ಹಾಯಾಗಿ ಈರುಳ್ಳಿ ಹೆಚ್ತಿದ್ಲು. ಅವತ್ತೇ ಗೊತ್ತಾಯ್ತು ನಮಗೆ, ನಿಮ್ಮ ಕೆಮ್ಮಿನ ಅರ್ಥಾನೂ. ಆ ಹೊತ್ತಲ್ಲಿ ಲಿಫ್ಟ್ ಕರೀಬೇಡಿ ಅಂತ ಎಲ್ಲ ವಾರ್ಡಿಗೂ ಹೇಳಿಟ್ಟಿದ್ದೆ.”

“ಅವಳಿಗೆ?”

“ಅವಳಿಗೆ ಯಾಕೆ ಹೇಳ್ಬೇಕು? ಗೊತ್ತಾಗಿದ್ರೆ ಸುಮ್ನೆ ಕೊರಗ್ತಿದ್ಲು.”

“ನಾನು ಹೊಗಳಿದ್ದು ನಿಮ್ಮ ಮೂಗನ್ನೇ ಅಣ್ಣ,” ಎಂದಳು ಪಾತ್ರೆ ತೊಳೆಯುವವಳು.

ಲಿಫ್ಟಣ್ಣನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಈ ಗುಟ್ಟನ್ನು ಒಬ್ಬನೇ ಹೊತ್ತಿದ್ದೇನೆಂದುಕೊಂಡಿದ್ದ.

ನಾದಿನಿ ಮುಚ್ಚಳ ಸರಿಸಿದಳು. ಅವನು ಪಾತ್ರೆಯ ಮೇಲೆ ಬಗ್ಗಿದ. ಪಾತ್ರೆ ತೊಳೆಯುವವಳು ಕಿಟಕಿಯತ್ತ, ಮುಖ್ಯ ಅಡುಗೆಯವರು ಕಪಾಟಿನತ್ತ, ಉಳಿದವರು ಬರಿಗೋಡೆಯತ್ತ, ಹತ್ತು ವರ್ಷದ ರೂಢಿಯಂತೆ, ಅವನು ಮೂಸುವುದನ್ನು ಕಾಣದವರ ಹಾಗೆ ಅವನಿಗೆ ಬೆನ್ನು ಮಾಡಿ ನಿಂತರು.