ದುರ್ಗದ ಬೈಲಿನಲ್ಲಿ ಒಂದು ರೋಲು

ತಕ್ಕಡಿಯ ತಟ್ಟೆಗೆ ಬಿಸಿಲು ತಾಗಿ ಕಣ್ಣಿಗೆ ಚಿಮ್ಮುತ್ತದೆ, ಮಾನಸಿ ಬಟನ್ ಒತ್ತುತ್ತಾಳೆ, ಬಿಳಿಯೆಲ್ಲ ಸುಟ್ಟುಹೋಯಿತೇನೋ, ಅಗ್ಗದ ಕಪ್ಪು-ಬಿಳುಪು ಫಿಲ್ಮಿಗೆ ಬಿಸಿಲು ಸೇರುವುದಿಲ್ಲ, ನೆರಳು ಉಣಿಸಬೇಕು ಎನ್ನುತ್ತಿದ್ದ ಗಂಡ ಕಪಿಲ, ಅವನು ಸತ್ತ ಮೇಲೆ ಅವನ ಕ್ಯಾಮೆರಾ ಹಿಡಿದದ್ದು ಇವತ್ತೇ, ದುರ್ಗದ ಬೈಲಿನ ಸಂತೆಯ ಗದ್ದಲದಲ್ಲಿ ಏನಾದರೂ ಅನಿಸೀತೆಂದು ಬಂದಳು, ಅನಿಸುತ್ತಿಲ್ಲ, ಬೆರಳೊಂದೇ ಕೆಲಸ ಮಾಡುತ್ತಿದೆ — ಲಿಂಬೆ ಮಾರುವ ದಾವಲಬಿ ಸೆರಗು ಅಡ್ಡ ಹಿಡಿದು, ನಂದ್ಯಾಕ ತಗೀತಿಯವಾ, ಹಣ್ಣಿಂದು ತಗಿ, ನನಗಿಂತ ಛಲೋ ಅದಾವ, ಕಪ್ಪು-ಬಿಳುಪು ಎಂದು ತಿಳಿದ ಮೇಲೆ, ಹಂಗಾರ ಕಾಯಿ ಯಾವುದು ಹಣ್ಣು ಯಾವುದು ಹೆಂಗ ಗೊತ್ತಾಗಬೇಕ, ನನ್ನ ಯಾಪಾರ ಕೆಡಸ್ತಿ ನೀ, ಮಾನಸಿಯ ತುಟಿ ಸರಿಯುತ್ತದೆ, ನಗು ಅಲ್ಲ, ನಗು ಇರುತ್ತಿದ್ದ ಜಾಗ ಅಷ್ಟೇ, ಇನ್ನೊಂದು ತೆಗೆಯುತ್ತಾಳೆ, ಫೋನು ಅದುರುತ್ತದೆ.

ಅಯಾಜ, ಕಪಿಲನ ಗೆಳೆಯ, ಗೋಕುಲ ರಸ್ತೆಯ ಮನೆಯ ಬಚ್ಚಲಿನಲ್ಲಿ ಫಿಲ್ಮ್ ತೊಳೆಯುವವನು, ಇಬ್ಬರೂ ಸೇರಿ ಉದ್ದನೆಯ ಸುರುಳಿ ಕೊಂಡು ಕತ್ತಲಲ್ಲಿ ತುಂಡು ಮಾಡಿ ಹಳೆಯ ಡಬ್ಬಿಗಳಿಗೆ ತುಂಬುತ್ತಿದ್ದರು, ಚೀಟಿ ಇಲ್ಲ, ಗುರುತಿಲ್ಲ, ಎಲ್ಲ ಡಬ್ಬಿಯೂ ಒಂದೇ ಥರ — ವೈನಿ, ಕಪಾಟಿನಾಗಿನ ರೋಲ್ ನೋಡಿ ತಗೋರಿ, ಅವ ಫೋಟೋ ತೆಗೆದಿದ್ದೂ ಅದರಾಗ ಅದಾವ, ತೆಗೆದಿದ್ದರ ನಾಲಿಗಿ, ಫಿಲ್ಮಿನ ತುದಿ, ಹೊರಗs ಬಿಟ್ಟು ಮೂಲಿ ಮಡಚಿ ಇಡತಿದ್ದ, ಅಂಥಾದ್ದು ಹಾಕಬ್ಯಾಡ್ರಿ. ಹಾಕಿದ್ರ? ಫೋಟೋ ಒಂದರ ಮ್ಯಾಲೊಂದು ಬೀಳತಾವ್ರಿ, ಎರಡೂ ಕೆಡತಾವ. ಹೂಂ ಎನ್ನುತ್ತಾಳೆ, ಫೋನು ಇಡುತ್ತಾಳೆ, ಇವತ್ತು ಬೆಳಿಗ್ಗೆ ಅಡುಗೆಮನೆಯ ಕಟ್ಟೆ, ಫಿಲ್ಮಿನ ನಾಲಿಗೆ ಕ್ಯಾಮೆರಾದ ಸೀಳಿನೊಳಗೆ ಕೂರಲೊಲ್ಲದು, ಮೂಲೆ ಮಡಚಿತ್ತು, ಕಲ್ಲಿನ ಮೇಲಿಟ್ಟು ಹೆಬ್ಬೆರಳ ಉಗುರಿನಿಂದ ತೀಡಿ ತೀಡಿ ನೆಟ್ಟಗೆ ಮಾಡಿದ್ದಳು — ಅವನಿದ್ದಾಗ ಒಂದು ಭಾನುವಾರ ಟೆರೇಸಿನಲ್ಲಿ ಅವನು, ಯಾವಾಗಲೂ ನಾನs ತೆಗೀಬೇಕೇನ, ಒಂದು ನೀ ತಗಿ ಎಂದು ಕ್ಯಾಮೆರಾ ಕೊಟ್ಟು ನೀರಿನ ಟಾಕಿಗೆ ಒರಗಿ ನಿಂತಿದ್ದ, ಅವಳು ತೆಗೆದ ಅವನ ಚಿತ್ರ ಅದೊಂದೇ, ಅದು ಇದೇ ರೋಲಿನಲ್ಲಿದ್ದರೆ, ಮೊದಲಲ್ಲಿದ್ದರೆ ಅವನ ಮುಖದ ಮೇಲೆ ಈಗ ಲಿಂಬೆ, ತಕ್ಕಡಿ, ಕೊನೆಯಲ್ಲಿದ್ದರೆ ಇನ್ನೂ ಉಳಿದಿದ್ದಾನೆ, ಉಗುರಿನ ಕೆಳಗೆ ಆ ಮಡಿಕೆ, ತೀಡುವ ಸಣ್ಣ ಸದ್ದು, ದಾವಲಬಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಿದ್ದಾಳೆ, ಹಾಂ, ಈಗ ತಗಿ, ಮಾನಸಿಯ ಬೆರಳು ಬಟನ್ನಿನ ಮೇಲೆಯೇ ನಿಂತಿದೆ, ಒತ್ತದೆ ಕ್ಯಾಮೆರಾ ಕೆಳಗಿಳಿಸುತ್ತಾಳೆ, ರೋಲ್ ಮುಗೀತ್ರಿ. ಇಷ್ಟು ಲಗೂನ ಮುಗೀತ? ಮುಗೀತ್ರಿ. ಅಂಗಡಿಯ ನೆರಳಿಗೆ ಸರಿದು ಹಿಡಿಕೆ ತಿರುಗಿಸುತ್ತಾಳೆ, ಅವನೂ ದಾವಲಬಿಯೂ ಸಂತೆಯೂ ಹಿಂದಕ್ಕೆ ಸುತ್ತಿಕೊಳ್ಳುತ್ತಾರೆ, ಒಳಗೆ ಫಿಲ್ಮ್ ಹಿಡಿತ ಬಿಟ್ಟ ಸದ್ದು, ನಿಲ್ಲಿಸುತ್ತಾಳೆ, ಮುಚ್ಚಳ ತೆರೆಯುತ್ತಾಳೆ, ನಾಲಿಗೆ ಹೊರಗೇ ಇದೆ, ಅವಳು ತೀಡಿದ ಮೂಲೆ ತಾನಾಗಿ ಮೆಲ್ಲಗೆ ಏಳುತ್ತಿದೆ, ಅವನು ಮಡಚಿದ ಕಡೆಗೆ, ಅವನು ಮಡಚಿದ ಗೆರೆಯ ಮೇಲೆಯೇ