ಊರು ಅವಳದಾಯಿತು

ಆ ಊರಿಗೆ ಹೋಗೋಣ ಅಂತ ಹಟ ಹಿಡಿದವನು ಅವನೇ. ನಗರದ ಕನ್ನಡಕದಂಗಡಿಯಲ್ಲಿ ದಿನವಿಡೀ ಗಾಜು ಉಜ್ಜಿ ಉಜ್ಜಿ ಅವನ ಕಣ್ಣುಗಳು ಸೋತಿದ್ದವು. ಆ ಊರಲ್ಲಾದರೆ ಸುತ್ತ ಹೊಲ, ಪಕ್ಕದಲ್ಲೇ ಹೊಳೆ, ರೈಲು ಹತ್ತಿದರೆ ಗಂಟೆಯೊಳಗೆ ನಗರ. ಹೆಂಡತಿ ಮಾತ್ರ, "ಅಲ್ಲಿ ಯಾರ ಮುಖ ನೋಡ್ಕೊಂಡು ಕೂರಲಿ?" ಎಂದು ಕಣ್ಣೊರೆಸಿಕೊಳ್ಳುತ್ತಲೇ ಗಂಟುಮೂಟೆ ಕಟ್ಟಿದ್ದಳು.

ಎರಡು ವರ್ಷದಲ್ಲಿ ಎಲ್ಲ ತಿರುಗುಮುರುಗಾಯಿತು. ಅವನು ಕತ್ತಲಲ್ಲಿ ರೈಲು ಹತ್ತಿ ಕತ್ತಲಲ್ಲೇ ಇಳಿಯುತ್ತಿದ್ದ. ಭಾನುವಾರ ಮಧ್ಯಾಹ್ನದವರೆಗೆ ಗೊರಕೆ. ಅವಳು ಸಸಿ ಮಾರುವ ನರ್ಸರಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಊಟಕ್ಕೆ ಕೂತರೆ ಸಾಕು, ಊರಿನ ಸುದ್ದಿ ಶುರು: ಹೊಳೆಗೆ ಕೊಕ್ಕರೆ ಬಂದದ್ದು, ಮೇಷ್ಟ್ರು ಹೇಳಿದ್ದು, ಮೇಷ್ಟ್ರ ನಾಯಿ ಮರಿ ಹಾಕಿದ್ದು. ಯಾರೀ ಮೇಷ್ಟ್ರು? ಅವನಿಗೆ ಅನುಮಾನ ಶುರುವಾಯಿತು.

ಒಂದು ದಿನ ಜ್ವರವೆಂದು ಅಂಗಡಿಗೆ ಸುಳ್ಳು ಹೇಳಿ, ನಿಲ್ದಾಣದಿಂದಲೇ ಹಿಂದಿರುಗಿ ನರ್ಸರಿಗೆ ಹೋದ. ಬೇಲಿಯ ಬಳಿ ನಾಯಿ ಹಿಡಿದು ನಿಂತಿದ್ದ ಮುದುಕರೊಬ್ಬರು ಕೇಳಿದರು, "ಯಾರು ಬೇಕಿತ್ತು?"

"ನನ್ನ ಹೆಂಡತಿ ಇಲ್ಲಿ ಕೆಲಸ ಮಾಡ್ತಾಳೆ."

"ಅಯ್ಯೋ, ನೀವಾ! ಆಯಮ್ಮ ಒಬ್ಬರೇ ಇರೋದು ಅಂದ್ಕೊಂಡಿದ್ದೆ." ಮುದುಕರು ಬೊಚ್ಚುಬಾಯಿ ಬಿಟ್ಟು ನಕ್ಕರು. "ನಾನು ಇಲ್ಲಿ ಸ್ಕೂಲಲ್ಲಿ ಮೇಷ್ಟ್ರಾಗಿದ್ದೆ. ಬನ್ನಿ, ಒಳಗಿದ್ದಾರೆ."

ಅಲ್ಲಿಗೆ ಅನುಮಾನ ಸತ್ತಿತು, ಹೊಟ್ಟೆಕಿಚ್ಚು ಸಾಯಲಿಲ್ಲ. ಒಳಗೆ ಹೆಂಡತಿ ಮೊಣಕೈವರೆಗೆ ಮಣ್ಣು ಮಾಡಿಕೊಂಡು, ಯಾರದೋ ಮಾತಿಗೆ ಬಿದ್ದು ಬಿದ್ದು ನಗುತ್ತಿದ್ದಳು. ಹಾಗೆ ಅವಳು ಮನೆಯಲ್ಲಿ ನಕ್ಕು ಎಷ್ಟು ಕಾಲವಾಗಿತ್ತು! ಒಬ್ಬ ಗಂಡಸಿನ ಮೇಲಾದರೆ ಜಗಳಕ್ಕೆ ಹೋಗಬಹುದು. ಇಡೀ ಊರಿನ ಮೇಲೆ? ಅವಳನ್ನು ಕರೆಯದೆ ಮನೆಗೆ ಬಂದುಬಿಟ್ಟ.

"ನಗರಕ್ಕೇ ವಾಪಸ್ ಹೋಗೋಣ," ಅಂದ ಸಂಜೆ. "ಈ ಓಡಾಟ ಸಾಕಾಯ್ತು."

ಅವಳು ಬಟಾಣಿ ಸುಲಿಯುತ್ತಿದ್ದಳು. "ನೀವು ಹೋಗಿ. ಭಾನುವಾರ ಬನ್ನಿ. ಈಗಲೂ ಹಾಗೇ ತಾನೇ ಇರೋದು?"

"ಹೊಟ್ಟೆ ಉರಿಯುತ್ತೆ ಕಣೇ ನಂಗೆ! ಊರು ಹುಡುಕಿದ್ದು ನಾನು, ಅನುಭವಿಸ್ತಿರೋಳು ನೀನು."

"ಅನುಭವಿಸಬೇಡಿ ಅಂತ ನಿಮ್ಮನ್ನ ಯಾರು ಹಿಡ್ಕೊಂಡಿದ್ದಾರೆ? ಭಾನುವಾರ ಬೇಗ ಏಳಿ."

ಎದ್ದ. ಅವಳನ್ನು ಎಬ್ಬಿಸದೆ ಒಬ್ಬನೇ ಹೊರಟ. ಬ್ರೆಡ್ ಅಂಗಡಿಯಾಕೆ ನೋಡಿದ ಕೂಡಲೇ, "ಅಕ್ಕ ಬರಲಿಲ್ವಾ?" ಅಂದಳು. ಮೈಯೆಲ್ಲ ಉರಿಯಿತು. ಮುಖ್ಯರಸ್ತೆ ಬಿಟ್ಟು, ಗೊತ್ತಿಲ್ಲದ ಕಾಲುದಾರಿ ಹಿಡಿದು, ಹೊಲಗಳ ಬದುವಿನ ಮೇಲೆ ನಡೆಯುತ್ತಾ ಹೋದ. ಹಳೇ ಗಿರಣಿಯ ಹಿಂದೆ ತಾವರೆ ತುಂಬಿದ ಪುಟ್ಟ ಕೆರೆ ಕಂಡಿತು. ಇದರ ಸುದ್ದಿಯನ್ನು ಅವಳು ಒಮ್ಮೆಯೂ ಹೇಳಿರಲಿಲ್ಲ. ಬಿಸಿಲೇರುವವರೆಗೆ ದಡದಲ್ಲಿ ಕೂತಿದ್ದ.

ಮನೆಗೆ ಬಂದಾಗ ಅವಳು ಬಾಗಿಲಲ್ಲೇ ನಿಂತಿದ್ದಳು. "ಎಲ್ಲಿಗೆ ಹೋಗಿದ್ರಿ?"

"ಹೀಗೇ, ಊರು ನೋಡೋಕೆ."

"ಎಲ್ಲಿ? ಯಾರ ಜೊತೆ?" ಅವಳ ಹುಬ್ಬು ಗಂಟಿಕ್ಕಿತ್ತು.

ಅವನು ಚಪ್ಪಲಿ ಬಿಟ್ಟು, ಕೆರೆಯ ಸುದ್ದಿ ತನ್ನಲ್ಲೇ ಇಟ್ಟುಕೊಂಡು, ತಟ್ಟೆ ಹಾಕಿಕೊಂಡು ಊಟಕ್ಕೆ ಕೂತ.