ಒಳಕ್ಕೆ ಸರಿದ ಸಾಲು

ಹುಣಸೂರಿನಲ್ಲಿ ಟಿ.ವಿ. ರಿಪೇರಿ ಅಂಗಡಿ ಇಟ್ಟಿದ್ದ ನಿಂಗರಾಜು ಮೊಬೈಲಿನಲ್ಲಿ ಪಾಠ ನೋಡಿಕೊಂಡೇ ಪ್ರೋಗ್ರಾಂ ಬರೆಯಲು ಕಲಿತಿದ್ದ. ಹೊಗೆಸೊಪ್ಪು ಬೇಯಿಸಿ ಒಣಗಿಸುವ ಕೋಣೆ, ಬ್ಯಾರನ್ನಿನೊಳಗೆ ಶಾಖ ಮಿತಿ ಮೀರಿದರೆ ಬೆಲ್ ಹೊಡೆಯುವ ಪೆಟ್ಟಿಗೆಯೊಂದನ್ನು ಮಾಡಿ, ಮೊದಲನೆಯದನ್ನು ಗಾವಡಗೆರೆಯ ದೇವರಾಜುವಿನ ಬ್ಯಾರನ್ನಿಗೆ ಹಾಕಿದ. ಕರೆಂಟು ಹೋದರೂ ನಡೆಯಲೆಂದು ಅದರಲ್ಲಿ ಬ್ಯಾಟರಿಯೂ ಇತ್ತು.

ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಶಾಖ ಏರಿತು. ಬೆಲ್ ಹೊಡೆಯಲಿಲ್ಲ. ಅರ್ಧ ಬ್ಯಾರನ್ ಸೊಪ್ಪು ಕಪ್ಪಾಯಿತು.

“ನಿನ್ನ ಅಂಗಡೀಲಿ ಅಂಗೆ ಬಡ್ಕೊಂತಿತ್ತು, ಇಲ್ಲಿ ಯಾಕ್ಲಾ ಬಾಯೇ ಬುಡ್ಲಿಲ್ಲ?” ಎಂದು ದೇವರಾಜು ಪೆಟ್ಟಿಗೆಯನ್ನು ಬಿಚ್ಚಿ ಅವನ ಕೈಗಿತ್ತ.

ನಿಂಗರಾಜು ತಾನು ಬರೆದದ್ದನ್ನು ಎರಡು ದಿನ ಓದಿದ. ನೂರನಲವತ್ತು ಸಾಲುಗಳೂ ಎಡ ಅಂಚಿಗೇ ಅಂಟಿಕೊಂಡಿದ್ದವು. ಕಣ್ಣು ಜಾರಿ ಜಾರಿ ಹೋಗುತ್ತಿತ್ತು. ಕೊನೆಗೆ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುವ ಅನುಶ್ರೀಯ ಬಳಿ ಹೋದ.

“ಇದೇನು ನಿಂಗರಾಜಣ್ಣ, ಎಲ್ಲೂ ಜಾಗಾನೇ ಬಿಟ್ಟಿಲ್ವಲ್ಲ?”

“ಪೆಟ್ಗೆ ಒಳಗಿನ ಚಿಪ್ಪಲ್ಲಿ ಜಾಗ ಕಮ್ಮಿ ಮೇಡಂ. ಖಾಲಿ ಬುಟ್ರೆ ಅದೂ ತುಂಬ್ಕತದೆ ಅಂತ ಒತ್ತೊತ್ತಿ ಬರ್ದೆ.”

“ಖಾಲಿ ಜಾಗ ಚಿಪ್ಪಿಗೆ ಹೋಗೋದೇ ಇಲ್ಲ ಕಣ್ರೀ. ಅದು ಓದೋರಿಗೆ.”

ನಿಂಗರಾಜುವಿಗೆ ನಾಚಿಕೆಯಾಯಿತು. ಅನುಶ್ರೀ ಕಂಪ್ಯೂಟರ್ ಮುಂದಿನ ಕುರ್ಚಿ ಬಿಟ್ಟುಕೊಟ್ಟಳು. ಒಂದಕ್ಷರವನ್ನೂ ಬದಲಿಸಬೇಡಿ, ಕಂಸ ತೆರೆದ ಕಡೆ ಮುಂದಿನ ಸಾಲುಗಳನ್ನು ಒಳಕ್ಕೆ ಸರಿಸಿ, ಮುಚ್ಚಿದ ಕಡೆ ಹೊರಕ್ಕೆ ಬನ್ನಿ, ಒಂದು ಕೆಲಸ ಮುಗಿದಲ್ಲಿ ಒಂದು ಸಾಲು ಖಾಲಿ ಬಿಡಿ ಎಂದಳು.

ಮುಕ್ಕಾಲು ಗಂಟೆಯಾದ ಮೇಲೆ ಅವನ ಕೈ ನಿಂತಿತು. ಬೆಲ್ ಹೊಡೆಯುವ ಸಾಲು ‘ಶಾಖ ಮೀರಿದರೆ’ ಎಂಬುದರ ಕೆಳಗೆ ನಿಲ್ಲಬೇಕಿತ್ತು. ಅದು ಇನ್ನೊಂದು ಹೆಜ್ಜೆ ಒಳಗೆ, ‘ಕರೆಂಟು ಹೋಗಿದ್ದರೆ’ ಎಂಬುದರ ಹೊಟ್ಟೆಯೊಳಗೆ ಕೂತಿತ್ತು. ಎರಡೂ ಒಟ್ಟಿಗೆ ಆದರೆ ಮಾತ್ರ ಬೆಲ್; ಸೊಪ್ಪು ಕಪ್ಪಾದ ದಿನ ಬ್ಯಾರನ್ನಿನಲ್ಲಿ ಕರೆಂಟು ಇತ್ತು. ಅಂಗಡಿಯಲ್ಲಿ ಅವನು ಪ್ಲಗ್ ಹಾಕದೆ, ಬ್ಯಾಟರಿಯ ಮೇಲೆಯೇ ಪರೀಕ್ಷೆ ಮಾಡುತ್ತಿದ್ದ. ತಪ್ಪಿದ್ದ ಹಾಳೆಯನ್ನು ಮುದ್ರಿಸಿಕೊಂಡು, ಬೆಲ್ಲಿನ ಸಾಲನ್ನು ಆ ಕಂಸದಿಂದ ಹೊರಗೆ ತಂದು ಪೆಟ್ಟಿಗೆಗೆ ಮತ್ತೆ ತುಂಬಿದ.

ವೈರು ಸಡಿಲವಾಗಿತ್ತು ಎಂದುಬಿಡಬಹುದಿತ್ತು. ಬಸ್ಸಿನಲ್ಲಿ ಹಾಗೇ ಅಂದುಕೊಂಡಿದ್ದ. ಗಾವಡಗೆರೆಯಲ್ಲಿ ಇಳಿದು, ದೇವರಾಜುವಿನ ಮುಂದೆ ಆ ಹಾಳೆಯನ್ನೇ ಚಾಚಿದ.

“ತಪ್ಪು ನಂದೇ ಕಣಣ್ಣ.”

ದೇವರಾಜುವಿಗೆ ಆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿದ್ದ ಸಾಲುಗಳ ಮೇಲೆ ಬೆರಳಾಡಿಸಿದ.

“ಇದು ಇದರೊಳೀಕೆ ಸೇರ್ಕಂಡಿತ್ತಾ?”

“ಊಂ ಕಣಣ್ಣ.”

ದೇವರಾಜು ಹಾಳೆ ಮಡಚಿ ವಾಪಸು ಕೊಟ್ಟ. ಆಮೇಲೆ ಗೋಡೆಯ ಪ್ಲಗ್ಗು ತೋರಿಸಿದ. “ಕರೆಂಟ್ ಇದ್ದಂಗೇ ಬೆಲ್ ಒಡ್ಸು, ನೋಡುವಾ.”

ನಿಂಗರಾಜು ಪೆಟ್ಟಿಗೆಯನ್ನು ಪ್ಲಗ್ಗಿಗೆ ಸಿಕ್ಕಿಸಿ, ಬೆಸುಗೆ ಹಾಕುವ ಕಾದ ಸೋಲ್ಡರಿಂಗ್ ಕಡ್ಡಿಯನ್ನು ಅದರ ಶಾಖ ಅಳೆಯುವ ತುದಿಗೆ ಹಿಡಿದ. ಬೆಲ್ ಹೊಡೆಯಿತು. ದೇವರಾಜು ಮೂರು ಸಲ ಹೊಡೆಸಿ ನೋಡಿ, ಮೊಳೆ ಸುತ್ತಿಗೆ ತರಲು ಒಳಗೆ ಹೋದ.